ಹಗ್ಗದ ಆ ತುದಿ

ಮೊದಲ ದಿನ ಚಿನ್ನಯ್ಯನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದು ತೆಂಗಿನೆಣ್ಣೆ.

ಅರವತ್ತಾರು ವರ್ಷದಲ್ಲಿ ತಲೆಗೆ ಎಣ್ಣೆ ಹಾಕದೆ ಅವನು ಹೊಸ್ತಿಲು ದಾಟಿದವನಲ್ಲ. ಅದರಲ್ಲೂ ಆವತ್ತು ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆಯ ಮೊದಲ ದಿನ. ಮಗಳು ಸುರಕ್ಷಾ ದಿನಕ್ಕಿಂತ ಒಂದು ಅಂಗೈ ಹೆಚ್ಚೇ ಸುರಿದು, ನೀಟಾಗಿ ಬಾಚಿ, ಅಪ್ಪನನ್ನು ಮದುಮಗನ ಹಾಗೆ ಕಾರಿಗೆ ಹತ್ತಿಸಿದ್ದಳು. ಬೆಳ್ತಂಗಡಿಯ ಅವಳ ಮನೆಯಿಂದ ವೇಣೂರು ದಾರಿಯಲ್ಲಿ, ಒಂದೊಂದು ಹೊಂಡಕ್ಕೂ ಸೊಂಟ ಹಿಡಿದುಕೊಂಡು ಬಂದು ಇಳಿದರೆ, ಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ನಿಂತ ತರುಣ್ ಎಂಬ ಟೆಕ್ನಿಷಿಯನ್ ಮೂಗರಳಿಸಿದ.

"ಎಣ್ಣೆ ಹಾಕಿದ್ದೀರಲ್ಲ ಅಜ್ಜ? ಒಳಗೆ ಇರುವುದು ಬರೀ ಆಕ್ಸಿಜನ್. ಸಣ್ಣ ಕಿಡಿ ಸಿಕ್ಕಿದರೂ ನಿಮ್ಮ ತಲೆ ದೀಪದ ಬತ್ತಿ ಆಗ್ತದೆ. ಚೀಟಿಯಲ್ಲಿ ಬರೆದು ಕೊಟ್ಟಿದ್ದೆವು."

ಚೀಟಿಯಲ್ಲಿ ಬರೆದಿತ್ತು, ನಿಜ. ಸೆಂಟು, ಪೌಡರು, ಕ್ರೀಮು, ಎಣ್ಣೆ ಏನೂ ಕೂಡದು ಎಂದು. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಸುರಕ್ಷಾ ಅದನ್ನು ಎರಡು ಸಲ ಓದಿದ್ದಳು. ಆದರೆ ತಲೆಗೆ ಹಾಕುವ ತೆಂಗಿನೆಣ್ಣೆ ಎಣ್ಣೆಯ ಲೆಕ್ಕಕ್ಕೆ ಬರುತ್ತದೆ ಎಂದು ನಮ್ಮ ಊರಿನಲ್ಲಿ ಯಾರಿಗೆ ಹೊಳೆಯುತ್ತದೆ? ಚಿನ್ನಯ್ಯ ಸಿಟ್ಟಿನಿಂದ ಕಾರು ಹತ್ತಿದ. "ಅಜ್ಜ ಅಂತೆ! ಅವನ ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ," ಎಂದು ವೇಣೂರಿನವರೆಗೆ ಗೊಣಗಿದ.

ಸಂಗತಿ ಇಷ್ಟು. ನಾಲ್ಕು ತಿಂಗಳ ಹಿಂದೆ ಅವನ ಬೆನ್ನೆಲುಬಿಗೆ ಶಸ್ತ್ರಚಿಕಿತ್ಸೆಯಾಗಿ ಸೊಂಟದ ಹತ್ತಿರ ಎರಡು ಸರಳು, ನಾಲ್ಕು ಸ್ಕ್ರೂ ಕೂತಿದ್ದವು. ನಡೆಯಲೂ ತೊಡಗಿದ್ದ. ಮೂರನೇ ವಾರಕ್ಕೆ ಗಾಯದ ಬಾಯಲ್ಲಿ ಕೀವು ಕಂಡಿತು. ಸಕ್ಕರೆ ಕಾಯಿಲೆಯ ಮೈ, ಯಾರ ತಪ್ಪೂ ಅಲ್ಲ, ಹೀಗಾಗುವುದುಂಟು ಎಂದರು. ಮತ್ತೆ ತೆರೆದು ತೊಳೆದರು. ವಾರಗಟ್ಟಲೆ ರಕ್ತನಾಳದಲ್ಲಿ ಮದ್ದು ಹರಿಸಿದರು. ಸೋಂಕು ಅರ್ಧ ಬಗ್ಗಿತು, ಇನ್ನರ್ಧ ಹಠ ಹಿಡಿದು ಕೂತಿತು. ಹಠದಲ್ಲಿ ಅಪ್ಪನನ್ನೇ ಹೋಲುತ್ತದೆ ಎಂದು ಸುರಕ್ಷಾ ನಗುವುದಕ್ಕೆ ನೋಡಿದಳು, ಆಗಲಿಲ್ಲ.

ಮೂಡುಬಿದಿರೆಯ ಡಾಕ್ಟರು ಶ್ರೀಲಕ್ಷ್ಮಿ ಮುಚ್ಚುಮರೆ ಇಲ್ಲದೆ ಮಾತಾಡುವವರು. "ಮದ್ದು ನಿಲ್ಲಿಸುವುದಿಲ್ಲ. ಇದು ಮದ್ದಿಗೆ ಜೊತೆ ಅಷ್ಟೇ. ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಅದು ರಕ್ತದಲ್ಲಿ ಹೆಚ್ಚು ಕರಗ್ತದೆ, ಹುಣ್ಣಿನ ಬುಡಕ್ಕೂ ತಲುಪ್ತದೆ. ಕೆಲವರಿಗೆ ಒಳ್ಳೆಯದಾಗಿದೆ. ಎಲ್ಲರಿಗೂ ಆಗ್ತದೆ ಅಂತ ನಾನು ಹೇಳುವುದಿಲ್ಲ. ಮೂವತ್ತು ದಿನ, ದಿನಕ್ಕೆ ಒಂದೂವರೆ ಗಂಟೆ."

"ಆಗದಿದ್ದರೆ?"

"ಆಗದಿದ್ದರೆ ಬೆನ್ನು ಇನ್ನೊಮ್ಮೆ ತೆರೆದು ಸ್ಕ್ರೂ ತೆಗೆಯಬೇಕಾಗಬಹುದು. ಆಮೇಲೆ ನಡೆಯುವುದು ಹೇಗೆ ಅಂತ ಈಗಲೇ ಹೇಳ್ಲಿಕ್ಕೆ ಬರುವುದಿಲ್ಲ."

ಚಿನ್ನಯ್ಯನಿಗೆ ಬೇರೆ ದೊಡ್ಡ ಆಸೆಗಳಿರಲಿಲ್ಲ. ಪಾಣೆಮಂಗಳೂರಿನ ಕಡವಿನಲ್ಲಿ ನೇತ್ರಾವತಿಗೆ ಇಳಿಯುವ ಹದಿನೇಳು ಮೆಟ್ಟಿಲುಂಟು. ಅದನ್ನು ತನ್ನ ಕಾಲಿನಲ್ಲೇ ಇಳಿದು, ಕೆಳಗಿನ ಮೆಟ್ಟಿಲಲ್ಲಿ ಕೂತು, ನೀರಿಗೆ ಪಾದ ಬಿಡಬೇಕು. ಅಷ್ಟೇ.

ಮರುದಿನ ಸೀಗೆಪುಡಿ ಹಾಕಿ ತಲೆ ತಿಕ್ಕಿಸಿಕೊಂಡು, ಆಸ್ಪತ್ರೆಯ ಹತ್ತಿಬಟ್ಟೆ ತೊಟ್ಟು ಅವನು ಒಳಗೆ ಹೋದ. ಕೋಣೆಯ ನಡುವೆ ಒಂದಾಳು ಮಲಗುವಷ್ಟು ಉದ್ದದ ಪಾರದರ್ಶಕ ಕೊಳವೆ. ಅದರೊಳಗೆ ಮಲಗಿಸಿ, ತಲೆಯ ಕಡೆಯ ಬಾಗಿಲು ತಿರುಗಿಸಿ ಬಿಗಿದರು. ಒಳಗೆ ಸಣ್ಣ ಸ್ಪೀಕರು. ತರುಣ್‌ನ ಸ್ವರ ಅದರಲ್ಲಿ ಬಂತು.

"ಈಗ ಒತ್ತಡ ಏರ್ತದೆ ಅಜ್ಜ. ಹದಿಮೂರು ಮೀಟರ್ ನೀರಿನಡಿಗೆ ಹೋದ ಹಾಗೆ. ಕಿವಿ ಕಟ್ಟಿದರೆ ಉಗುಳು ನುಂಗಿ. ಹೆದರಬೇಡಿ."

ಚಿನ್ನಯ್ಯ ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕ. ನೀರಿನಡಿಗೆ ಹೋಗುವುದನ್ನು ತನಗೆ ಹೇಳಿಕೊಡುತ್ತಾನೆ ಈ ಹುಡುಗ!

ಹದಿನೆಂಟನೇ ವಯಸ್ಸಿನಿಂದ ಅವನ ಅನ್ನ ನೀರಿನಡಿಯಲ್ಲೇ ಇತ್ತು. ದೋಣಿಯಿಂದ ಮುಳುಗಿ ಬುಟ್ಟಿಗೆ ಹೊಯಿಗೆ, ಅಂದರೆ ಹೊಳೆಯ ಮರಳು, ತುಂಬುವುದು ದಿನದ ಕೆಲಸ. ಅದರ ಮೇಲೆ, ಬಂಟ್ವಾಳದಿಂದ ಫರಂಗಿಪೇಟೆಯವರೆಗೆ ಹೊಳೆಗೆ ಏನು ಬಿದ್ದರೂ ಜನ ಚಿನ್ನಯ್ಯನನ್ನು ಕರೆಯುತ್ತಿದ್ದರು. ತಾಮ್ರದ ಕೊಡಪಾನ, ಪಂಪಿನ ಫುಟ್‌ವಾಲ್ವು, ಸೇತುವೆಯಿಂದ ಜಾರಿದ ಸೈಕಲು, ಒಮ್ಮೆ ಒಬ್ಬ ವಕೀಲರ ಹಲ್ಲಿನ ಸೆಟ್ಟು. ಅದನ್ನು ಎತ್ತಿ ಕೊಟ್ಟಾಗ ವಕೀಲರು ತೊಳೆಯದೆ ಬಾಯಿಗೆ ಹಾಕಿಕೊಂಡದ್ದನ್ನು ಅವನು ಸಾವಿರ ಸಲ ಹೇಳಿರಬೇಕು. ಆಗಿನ ಹೊಳೆಯೂ ಬೇರೆ. ಬೇಸಗೆಯ ಬೆಳಿಗ್ಗೆ ನಾಲ್ಕಾಳು ಆಳದಲ್ಲಿ ಕಣ್ಣು ಬಿಟ್ಟರೆ ಸ್ವಂತ ಕಾಲಿನ ಬೆರಳು ಕಾಣುತ್ತಿತ್ತು. ಈಗ ಅಣೆಕಟ್ಟಿನ ಹಿನ್ನೀರು ನಿಂತು ಪಾಚಿಬಣ್ಣವಾಗಿದೆ.

ಕಿವಿಯ ಮೇಲೆ ಒತ್ತಡ ಬಿತ್ತು. ಚಿನ್ನಯ್ಯ ದವಡೆ ಅಲುಗಿಸಿದ, ಕಿವಿ ಬಿಟ್ಟಿತು. ಆ ಸುಖಕ್ಕೆ ಕಣ್ಣು ಮುಚ್ಚಿಕೊಂಡ. ಮೂಗಿಗೆ ಹೊಳೆಯ ವಾಸನೆ ಬಂದ ಹಾಗಾಯಿತು. ತಲೆಯ ಮೇಲೆ ದೋಣಿಯ ತಳ ಕಪ್ಪಗೆ ತೇಲಿತು. ಸೊಂಟಕ್ಕೆ ಹಗ್ಗ. ಹಗ್ಗದ ಆ ತುದಿಯಲ್ಲಿ, ಮೇಲೆ, ಯಾರೋ.

"ಅಜ್ಜ! ಉಸಿರಾಡಿ!" ಎಂದು ಸ್ಪೀಕರು ಕಿರುಚಿತು.

ಅವನು ಉಸಿರು ಕಟ್ಟಿದ್ದ. ತಿಳಿದು ಕಟ್ಟಿದ್ದಲ್ಲ. ಕಿವಿಗೆ ಒತ್ತಡ ಬಿದ್ದ ಕೂಡಲೇ ಮೂಗು ಬಾಯಿ ಮುಚ್ಚಿಕೊಳ್ಳುವುದು ಆ ಮೈಗೆ ಬಾಲ್ಯಪಾಠದ ಹಾಗೆ ಕೂತುಹೋಗಿತ್ತು. ಬೇರೆಯವರು ಆ ಕೊಳವೆಯಲ್ಲಿ ಹೆದರಿ ಏದುಸಿರು ಬಿಡುತ್ತಾರಂತೆ. ಇವನು ಎರಡು ನಿಮಿಷ ಕಲ್ಲಿನ ಹಾಗೆ ಮಲಗಿ, ಒಂದು ದೊಡ್ಡ ಉಸಿರೆಳೆದು, ಮತ್ತೆ ಎರಡು ನಿಮಿಷ ಕಲ್ಲಾದ. ಕೊನೆಗೆ ಒತ್ತಡ ಇಳಿಸುವ ಹೊತ್ತಿಗೆ ಇನ್ನೂ ಕಷ್ಟವಾಯಿತು. ಎದೆ ಅಲುಗದ್ದನ್ನು ಕಂಡು ತರುಣ್ ಯಂತ್ರ ತಡೆದ, ಕಾದ, ಮತ್ತೆ ಸ್ವಲ್ಪ ಇಳಿಸಿದ, ಮತ್ತೆ ತಡೆದ. ಕಾಲು ಗಂಟೆಯ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಬಾಗಿಲು ತೆಗೆದಾಗ ಚಿನ್ನಯ್ಯನಿಗಿಂತ ಹೆಚ್ಚು ಬೆವರಿದ್ದವನು ತರುಣ್.

ಡಾಕ್ಟರು ಓಡಿ ಬಂದರು. "ಆಮ್ಲಜನಕ ಉಸಿರಾಡ್ಲಿಕ್ಕೆ ಒಳಗೆ ಮಲಗಿಸುವುದು. ನೀವು ಉಸಿರೇ ತಕೊಳ್ಳದಿದ್ದರೆ ಹೇಗೆ? ಮೇಲೆ ಬರುವಾಗ ಉಸಿರು ಕಟ್ಟಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಜೀವಕ್ಕೇ ಅಪಾಯ."

"ನಾನು ಹೊಳೆಯಿಂದ ಸಾವಿರ ಸಲ ಹಾಗೇ ಮೇಲೆ ಬಂದಿದ್ದೇನೆ ಡಾಕ್ಟ್ರೇ."

"ಅಲ್ಲಿ ನೀವು ಮೇಲಿನ ಗಾಳಿ ತಕೊಂಡು ಕೆಳಗೆ ಹೋಗ್ತಿದ್ರಿ. ಇಲ್ಲಿ ಕೆಳಗೆ, ಒತ್ತಡದಲ್ಲಿ, ಎದೆ ತುಂಬಿಸಿಕೊಳ್ತೀರಿ. ಎರಡೂ ಒಂದಲ್ಲ." ಅವರು ತರುಣ್‌ನ ಕಡೆ ನೋಡಿ, "ಸೋಮವಾರ ಇನ್ನೊಂದು ಸಲ ನೋಡುವ. ಆವತ್ತೂ ಹೀಗೇ ಆದರೆ ನಾನು ನಿಲ್ಲಿಸಬೇಕಾಗ್ತದೆ," ಎಂದರು.

ನಿಲ್ಲಿಸಿದರೆ ಮುಂದಿನದು ಕತ್ತರಿ ಎಂದು ಕಾರಿನಲ್ಲಿ ಕೂತ ಇಬ್ಬರಿಗೂ ಗೊತ್ತಿತ್ತು. ವೇಣೂರು ದಾಟಿದ ಮೇಲೆ ಚಿನ್ನಯ್ಯ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದ.

"ಮೇಲೆ ಹಗ್ಗ ಹಿಡಿಯುವವರು ಯಾರೂ ಇಲ್ಲದೆ ಉಸಿರು ಬಿಡುವುದು ಹೇಗೆ ಮಗಾ?"

ಸುರಕ್ಷಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಗ್ಗ ಹಿಡಿಯುವವನ ಹೆಸರು ಆ ಮನೆಯಲ್ಲಿ ಮೂವತ್ತೆರಡು ವರ್ಷದಿಂದ ಯಾರೂ ಎತ್ತುತ್ತಿರಲಿಲ್ಲ.

ಅವನು ಶಾಫಿ. ಚಿನ್ನಯ್ಯನಿಗಿಂತ ಎರಡು ವರ್ಷ ಕಿರಿಯ, ಕಡವಿನ ಮೇಲಿನ ಓಣಿಯ ಬ್ಯಾರಿಗಳ ಮನೆಯವನು. ಹದಿನಾರು ವರ್ಷ ಇಬ್ಬರದ್ದೂ ಒಂದೇ ದೋಣಿ. ಒಬ್ಬ ಮುಳುಗುವುದು, ಇನ್ನೊಬ್ಬ ಹಗ್ಗ ಹಿಡಿಯುವುದು. ಹಗ್ಗ ಹಿಡಿಯುವುದೆಂದರೆ ಸುಮ್ಮನೆ ಕೂರುವ ಕೆಲಸ ಎಂದುಕೊಂಡವರು ಒಂದು ದಿನ ಹಿಡಿದು ನೋಡಬೇಕು. ಮುಳುಗಿದವನು ಮೇಲೆ ಬರುವವರೆಗೆ ಎಲೆಯಡಿಕೆ ಹಾಕಬಾರದು, ಮಾತಾಡಬಾರದು, ಹಿಂದೆ ತಿರುಗಬಾರದು. ಶಾಫಿಯದು ಇನ್ನೂ ಒಂದು ಕ್ರಮವಿತ್ತು. ಚಿನ್ನಯ್ಯ ಮುಳುಗಿದ ಕ್ಷಣ ತಾನೂ ದೋಣಿಯಲ್ಲಿ ಉಸಿರು ಕಟ್ಟುತ್ತಿದ್ದ. ತನ್ನ ಉಸಿರು ಮುಗಿದ ಮೇಲೆ ಒಂದರಿಂದ ಅರವತ್ತು ಎಣಿಸುವುದು. ಅಷ್ಟರೊಳಗೆ ಕೆಳಗಿನಿಂದ ಎರಡು ಜಗ್ಗು ಬರಬೇಕು. ಬಂದರೆ ಎಳೆಯುವುದು. ಬಾರದಿದ್ದರೂ ಅರವತ್ತಕ್ಕೆ ಎಳೆಯುವುದು. ಎಳೆಯುವ ಮೊದಲು ಅವನೂ ಎರಡು ಸಲ ಜಗ್ಗುತ್ತಿದ್ದ, ಇಗೋ ಬಂದೆ, ಮೇಲೆ ಗಾಳಿ ಉಂಟು ಎನ್ನುವ ಹಾಗೆ. ನೀರಿನಿಂದ ತಲೆ ಹೊರಗೆ ಬಂದಾಗ ಚಿನ್ನಯ್ಯನಿಗೆ ಮೊದಲು ಕಾಣುತ್ತಿದ್ದದ್ದು ಶಾಫಿಯ ಉಬ್ಬಿದ ಕೆನ್ನೆ, ಮೊದಲು ಕೇಳುತ್ತಿದ್ದದ್ದು ಅವನ ನಗು.

ಅದು ಮುರಿದದ್ದು ಒಂದು ಕರಿಮಣಿಯಿಂದ. ಚಿನ್ನಯ್ಯನ ಹೆಂಡತಿ ಪ್ರೇಮಾವತಿ ಕಡವಿನಲ್ಲಿ ಬಟ್ಟೆ ಒಗೆಯುವಾಗ ಕರಿಮಣಿ ಸರ ಕಡಿದು ನೀರಿಗೆ ಬಿತ್ತು. ಊರಿನವರ ಕೊಡಪಾನ ಎತ್ತುವವನು ಹೆಂಡತಿಯ ಕರಿಮಣಿ ಬಿಡುತ್ತಾನೆಯೇ? ಮೂರು ಸಲ ಮುಳುಗಿದ, ಸಿಗಲಿಲ್ಲ. ನಾಲ್ಕನೆಯ ಸಲ ಬಂಡೆಯ ಸಂದಿಗೆ ಕೈ ತೂರಿಸಿದಾಗ ಬೆರಳಿಗೆ ಮಣಿ ತಾಗಿತು. ಸಣ್ಣ ಸಣ್ಣ ಮಣಿ, ನಡುವೆ ಚಿನ್ನದ ಗುಂಡು. ಮುಷ್ಟಿ ಕಟ್ಟಿದ. ಆಮೇಲೆ ದೋಣಿಯಲ್ಲಿ ಕೆಮ್ಮುತ್ತಿದ್ದ, ಮುಷ್ಟಿಯಲ್ಲಿ ಏನೂ ಇರಲಿಲ್ಲ.

ನಾನು ಜಗ್ಗು ಕೊಡುವ ಮೊದಲೇ ನೀನು ಎಳೆದುಬಿಟ್ಟೆ, ಕೈಗೆ ಬಂದದ್ದನ್ನು ಹೊಳೆಗೆ ಬಿಡಿಸಿದೆ ಎಂದು ಚಿನ್ನಯ್ಯ ಆಮೇಲೆ ಕಡವಿನಲ್ಲಿ ಜನ ಸೇರಿದಾಗ ಎಲ್ಲರ ಮುಂದೆ ಕೂಗಾಡಿದ. "ಇನ್ನು ನನ್ನ ಹಗ್ಗ ಮುಟ್ಟಬೇಡ," ಎಂದ. ಶಾಫಿ ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ಚಿನ್ನಯ್ಯ ತಪ್ಪೊಪ್ಪಿಗೆ ಎಂದುಕೊಂಡ. ಎರಡು ತಿಂಗಳಲ್ಲಿ ಶಾಫಿ ದುಡಿಯಲು ಸೌದಿಯ ದಮಾಮಿಗೆ ಹೋದ. ಇಪ್ಪತ್ತೆರಡು ವರ್ಷ ಕಳೆದು ಬಂದು ಫರಂಗಿಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟ. ಬಸ್ಸಿನಲ್ಲಿ ಎದುರುಬದುರಾದರೆ ಇಬ್ಬರೂ ಕಂಡಕ್ಟರನ ಮುಖ ನೋಡುತ್ತಿದ್ದರು. ಪ್ರೇಮಾವತಿ ತೀರಿಕೊಂಡ ದಿನ ಶಾಫಿ ಬಂದು ಗೇಟಿನ ಹೊರಗೆ ಸಂಜೆಯವರೆಗೆ ನಿಂತು ಹೋದನಂತೆ. ಚಿನ್ನಯ್ಯ ನೋಡಿದ್ದ, ಕರೆದಿರಲಿಲ್ಲ.

ಸೋಮವಾರ ಚಿಕಿತ್ಸೆಯ ಕೋಣೆಯ ಹೊರಗೆ, ಬೆಂಚಿನ ತುದಿಯಲ್ಲಿ, ಬಿಳಿ ಟೊಪ್ಪಿಯ ಒಬ್ಬ ಮುದುಕ ಕೂತಿದ್ದ. ಚಿನ್ನಯ್ಯ ಮಗಳ ಮುಖ ನೋಡಿದ. ಅವಳು ಫೈಲಿನ ಮುಖ ನೋಡಿದಳು.

"ನಿನ್ನನ್ನು ಯಾರು ಕರೆದದ್ದು?" ಎಂದ ಚಿನ್ನಯ್ಯ.

"ನೀನಲ್ಲ," ಎಂದ ಶಾಫಿ.

ಅಷ್ಟರಲ್ಲಿ ಡಾಕ್ಟರು ಒಂದು ಹಾಳೆ ಹಿಡಿದು ಬಂದರು. ನೀರಿನಲ್ಲಿ ಕೆಲಸ ಮಾಡಿದವರೆಂದು ಗೊತ್ತಾದ ಮೇಲೆ ಕೆಲವು ಪ್ರಶ್ನೆ ಕೇಳದೆ ಒಳಗೆ ಬಿಡುವ ಹಾಗಿಲ್ಲ ಎಂದರು. ಎದೆನೋವು ಬಂದಿತ್ತೇ, ಕಿವಿಯಲ್ಲಿ ರಕ್ತ ಬಂದಿತ್ತೇ. ಇಲ್ಲ, ಇಲ್ಲ.

"ನೀರಿನಡಿಯಲ್ಲಿ ಯಾವತ್ತಾದರೂ ಪ್ರಜ್ಞೆ ತಪ್ಪಿದ್ದುಂಟಾ?"

"ಒಮ್ಮೆಯೂ ಇಲ್ಲ." ಚಿನ್ನಯ್ಯ ಎದೆ ಸೆಟೆದು ಹೇಳಿದ.

"ಒಮ್ಮೆ," ಎಂದ ಶಾಫಿ.

ಡಾಕ್ಟರು ಪೆನ್ನು ಎತ್ತಿ ಇಬ್ಬರನ್ನೂ ನೋಡಿದರು. ಶಾಫಿ ಎದ್ದು ನಿಂತು, ಡಾಕ್ಟರಿಗೆ ಹೇಳುವ ಹಾಗೆ, ಚಿನ್ನಯ್ಯನ ಕಡೆ ನೋಡದೆ ಹೇಳಿದ.

"ಇವರ ಹೆಂಡತಿಯ ಕರಿಮಣಿ ಬಿದ್ದ ದಿನ. ನಾನು ಎಳೆಯುವಾಗ ಇವರು ಹಗ್ಗ ಹಿಡಿದಿರಲಿಲ್ಲ. ಸೊಂಟಕ್ಕೆ ಕಟ್ಟಿದ್ದರಿಂದ ಬಂದದ್ದು, ಮೂಟೆ ಬಂದ ಹಾಗೆ. ತುಟಿ ನೀಲಿ. ದೋಣಿಯಲ್ಲಿ ಕವುಚಿ ಮಲಗಿಸಿ ಬೆನ್ನಿಗೆ ಹೊಡೆದೆ. ಎಷ್ಟು ಹೊತ್ತು ಅಂತ ಪಡೆದ ದೇವರಿಗೇ ಗೊತ್ತು. ಆಮೇಲೆ ಕೆಮ್ಮಿದರು."

"ಸುಳ್ಳು," ಎಂದ ಚಿನ್ನಯ್ಯ. ಆದರೆ ಸ್ವರ ಸಣ್ಣದಾಗಿತ್ತು. ಮೂವತ್ತೆರಡು ವರ್ಷ ಆ ದಿನವನ್ನು ತಿರುವಿ ತಿರುವಿ ನೋಡಿದವನು ಅವನು. ಬಂಡೆ ನೆನಪಿತ್ತು, ಮಣಿ ನೆನಪಿತ್ತು, ದೋಣಿಯ ಹಲಗೆ ನೆನಪಿತ್ತು. ಹಗ್ಗ ಎಳೆದದ್ದು ನೆನಪಿರಲಿಲ್ಲ. ಎಳೆದ ಎಂದು ಕೂಗಿದ್ದನೇ ಹೊರತು, ಸೊಂಟಕ್ಕೆ ಬಿದ್ದ ಆ ಎಳೆತ ಹೇಗಿತ್ತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. "ಮಣಿ ನನ್ನ ಕೈಗೆ ತಾಗಿತ್ತು."

"ಉಸಿರು ತೀರುವ ಹೊತ್ತಿಗೆ ಇಲ್ಲದ್ದೂ ತಾಗಿದ ಹಾಗಾಗ್ತದೆ," ಎಂದರು ಡಾಕ್ಟರು ಮೆಲ್ಲಗೆ.

"ತಾಗಿತ್ತೋ ಏನೋ, ನಾನು ಕಂಡದ್ದಲ್ಲ," ಎಂದ ಶಾಫಿ. ಈಗ ಚಿನ್ನಯ್ಯನ ಕಡೆಗೇ ತಿರುಗಿದ್ದ. "ನಿನ್ನ ಮುಷ್ಟಿಯಲ್ಲಿ ಹೊಯಿಗೆ ಇತ್ತು ಚಿನ್ನಯ್ಯಣ್ಣ. ಪ್ರೇಮಕ್ಕ ಸೊಂಟದ ಮಟ್ಟದ ನೀರಿಗೆ ಇಳಿದು ಬಂದು, ಬೆರಳು ಒಂದೊಂದೇ ಬಿಡಿಸಿ ತೊಳೆದರು. ನಿನಗೆ ಸರಿಯಾಗಿ ಎಚ್ಚರ ಆಗುವ ಮೊದಲು ನನ್ನ ಕೈ ಹಿಡಿದು ಹೇಳಿದರು, ಇವರಿಗೆ ಹೇಳಬೇಡ ಶಾಫಿ, ಹೀಗಾಯಿತು ಅಂತ ಗೊತ್ತಾದರೆ ಇನ್ನು ನೀರಿಗೆ ಇಳಿಯುವ ಧೈರ್ಯ ಬರುವುದಿಲ್ಲ, ನಮಗೆ ಬೇರೆ ಕೆಲಸ ಗೊತ್ತಿಲ್ಲ ಅಂತ."

"ನೀನು ಬೈಸಿಕೊಂಡೆ. ಎಲ್ಲರೆದುರು."

"ಬೈದದ್ದಕ್ಕೆ ಅಲ್ಲ ನಾನು ಊರು ಬಿಟ್ಟದ್ದು," ಎಂದ ಶಾಫಿ. "ಬೇಗ ಎಳೆದೆ ಅಂತ ನೀನು ಬೈದೆ. ನಾನು ತಡ ಎಳೆದದ್ದು ಮಾರಾಯ. ಅರವತ್ತು ಆಗಿತ್ತು. ಪ್ರೇಮಕ್ಕನ ಕರಿಮಣಿ ಅಲ್ವಾ, ಇನ್ನೊಂದಿಪ್ಪತ್ತು ಎಣಿಸುವ ಅಂತ ಎಣಿಸಿದೆ. ಎಂಬತ್ತಕ್ಕೆ ಎಳೆದೆ. ಆ ಇಪ್ಪತ್ತರಲ್ಲಿ ನೀನು ಹೋಗುತ್ತಿದ್ದೆ. ಆಮೇಲೆ ನನಗೆ ಯಾರ ಹಗ್ಗವನ್ನೂ ಹಿಡಿಯಲಿಕ್ಕೆ ಕೈ ಬರಲಿಲ್ಲ."

ಬೆಂಚಿನ ಮೇಲೆ ಸುರಕ್ಷಾ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಚಿನ್ನಯ್ಯನಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು, ಅವಳು ಇಲ್ಲ ಎಂದು ನೆನಪಾಗಿ ಅಳು ಬಂತು. ಆ ಸಂಜೆ ಅವಳು ಬರಿಗೊರಳಿನಲ್ಲಿ ಗಂಜಿ ಬಡಿಸುತ್ತ, ಹೋದರೆ ಹೋಯಿತು ಒಂದು ಸರ, ಎಂದು ನಕ್ಕಿದ್ದಳು. ಹೆಂಗಸಿಗೆ ಕರಿಮಣಿಯ ಬೆಲೆ ಗೊತ್ತಿಲ್ಲ ಎಂದು ಆವತ್ತು ಅವನಿಗೆ ಕೋಪ ಬಂದಿತ್ತು. ಆ ನಗು ಯಾವುದಕ್ಕೆ ಎಂದು ಈಗ ತಿಳಿಯಿತು.

ಡಾಕ್ಟರು ಹಾಳೆಯಲ್ಲಿ ಏನೋ ಬರೆದರು. ಹಳೆಯ ಸಂಗತಿ, ಎದೆಯ ಎಕ್ಸ್‌ರೇ ಸರಿಯಾಗಿದೆ, ಒಳಗೆ ಬಿಡಬಹುದು, ಆದರೆ ಉಸಿರು ಕಟ್ಟಬಾರದು ಎಂದರು.

"ನಾನು ಹತ್ತಿರ ಕೂರಬಹುದಾ?" ಎಂದು ಶಾಫಿ ಕೇಳಿದ.

ಕೊಳವೆಯ ಪಕ್ಕದಲ್ಲಿ ಅವನಿಗೊಂದು ಸ್ಟೂಲು ಹಾಕಿದರು. ಬಾಗಿಲು ಬಿಗಿಯಿತು. ಒತ್ತಡ ಏರಿತು. ಚಿನ್ನಯ್ಯನ ದವಡೆ ಅಲುಗಿತು, ಕಿವಿ ಬಿಟ್ಟಿತು, ಎಂದಿನಂತೆ ಮೂಗು ಬಾಯಿ ಮುಚ್ಚಿಕೊಂಡವು. ಸ್ಪೀಕರಿನಲ್ಲಿ ತರುಣ್ ಕರೆಯುತ್ತಿದ್ದ. ನೀರಿನಡಿಯಲ್ಲಿ ಮಾತು ಕೇಳುವ ಅಭ್ಯಾಸ ಚಿನ್ನಯ್ಯನಿಗಿರಲಿಲ್ಲ. ಅವನು ತಲೆ ಪಕ್ಕಕ್ಕೆ ಹೊರಳಿಸಿದ.

ಹೊರಗೆ ಶಾಫಿ ಕೆನ್ನೆ ಉಬ್ಬಿಸಿ ಕೂತಿದ್ದ. ಅರವತ್ತನಾಲ್ಕರ ಮುದುಕ, ಬಿಳಿ ಗಡ್ಡ, ಆದರೂ ಅದೇ ಕೆನ್ನೆ. ಕಣ್ಣಿಗೆ ಕಣ್ಣು ಸಿಕ್ಕಿದ ಕೂಡಲೇ ಅವನು ಎರಡೂ ಕೈ ಎದೆಯ ಹತ್ತಿರ ತಂದು, ಇಲ್ಲದ ಹಗ್ಗವನ್ನು ಎರಡು ಸಲ ಜಗ್ಗಿ, ಪುಸ್ಸೆಂದು ಉಸಿರು ಬಿಟ್ಟ.

ಚಿನ್ನಯ್ಯನ ಬಾಯಿ ತಾನಾಗಿ ತೆರೆಯಿತು. ಮೇಲೆ ಬಂದಾಯಿತು ಎಂದು ಮೈಗೆ ಗೊತ್ತಾಯಿತು. ಗಾಳಿ ಒಳಗೆ ಬಂತು, ಹೊರಗೆ ಹೋಯಿತು. ಮತ್ತೆ ಬಾಯಿ ಮುಚ್ಚುವಷ್ಟರಲ್ಲಿ ಶಾಫಿ ಮತ್ತೆ ಎರಡು ಸಲ ಜಗ್ಗಿದ. ಮತ್ತೆ ಉಸಿರು. ಹೀಗೆ ಎಷ್ಟು ಸಲವೋ. ಅರ್ಧ ಗಂಟೆಯ ಮೇಲೆ ಜಗ್ಗಿನ ಅಗತ್ಯವೂ ಬೀಳಲಿಲ್ಲ, ಶಾಫಿಯ ಮುಖ ಕಂಡರೆ ಸಾಕಾಗುತ್ತಿತ್ತು. ಆದರೂ ಅವನು ಕಣ್ಣು ತೆಗೆಯಲಿಲ್ಲ, ಹಿಂದೆ ತಿರುಗಲಿಲ್ಲ. ಸುರಕ್ಷಾ ಚಹಾ ತಂದು ಹಿಡಿದರೆ ತಲೆಯಾಡಿಸಿದ. ಮುಳುಗಿದವನು ಮೇಲೆ ಬರಬೇಕಲ್ಲ.

"ಈಗ ಇಳಿಸ್ತೇನೆ," ಎಂದ ತರುಣ್. ಕಷ್ಟದ ಹೊತ್ತು ಅದು. ಶಾಫಿ ಸ್ಟೂಲಿನಿಂದ ಎದ್ದು ನಿಂತ, ದೋಣಿಯಲ್ಲಿ ನಿಲ್ಲುತ್ತಿದ್ದ ಹಾಗೆ ಕಾಲು ಅಗಲಿಸಿ. ಒಂದು ಉಸಿರಿಗೆ ಒಂದು ಎಳೆತ. ಕೈಯ ಮೇಲೆ ಕೈ, ನಿಧಾನ, ಹಗ್ಗ ಸುರುಳಿಯಾಗಿ ಕಾಲಬುಡದಲ್ಲಿ ಬೀಳುತ್ತಿದೆಯೇನೋ ಎನ್ನುವಷ್ಟು ಸರಿಯಾಗಿ. ತರುಣ್ ಯಂತ್ರ ಒಮ್ಮೆಯೂ ತಡೆಯಲಿಲ್ಲ. ಗೋಡೆಯ ಗಡಿಯಾರದಲ್ಲಿ ಕಾಲು ಗಂಟೆ ಆಗಿತ್ತು.

ಬಾಗಿಲು ತೆಗೆದು ಮಂಚ ಹೊರಗೆ ಜಾರಿಸಿದಾಗ ಚಿನ್ನಯ್ಯನ ಬಲಗೈ ಇನ್ನೂ ಮುಷ್ಟಿ ಕಟ್ಟಿಯೇ ಇತ್ತು. ಶಾಫಿ ಬಗ್ಗಿ ಅದರ ಬೆರಳುಗಳನ್ನು ಒಂದೊಂದೇ ಬಿಡಿಸಿದ. ಅಂಗೈಯಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ.

"ಇನ್ನು ಇಪ್ಪತ್ತೆಂಟು ದಿನ ಉಂಟು ಅಜ್ಜ," ಎಂದ ತರುಣ್. ಈ ಸಲ ಚಿನ್ನಯ್ಯ ಅವನಿಗೆ ಬೈಯಲಿಲ್ಲ. ಗಾಯ ಮಾಯುತ್ತದೆಯೋ ಇಲ್ಲವೋ, ಅದನ್ನು ಡಾಕ್ಟರೂ ಹೇಳಿರಲಿಲ್ಲ. ಆದರೆ ಉಸಿರಾಡುವುದಂತೂ ಬಂದಿತ್ತು.

"ನಾಳೆ ಅಂಗಡಿ?" ಎಂದು ಶಾಫಿಯನ್ನು ಕೇಳಿದ.

"ಹನೀಫಾ ನೋಡಿಕೊಳ್ತಾನೆ, ನನ್ನ ಮಗ. ಬೆಳಿಗ್ಗೆ ಬರ್ತೇನೆ."

ಚಿನ್ನಯ್ಯ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ, "ಇವತ್ತು ಸರಿಯಾದ ಹೊತ್ತಿಗೆ ಎಳೆದೆ ಶಾಫಿ," ಎಂದ.

ಶಾಫಿ ಏನೋ ಹೇಳಲು ಹೊರಟ. ಚಿನ್ನಯ್ಯ ಅವನ ಕೈಯನ್ನು ಎರಡು ಸಲ ಜಗ್ಗಿದ.

"ಆವತ್ತೂ," ಎಂದ.